ಕೈಗೊಪ್ಪುವ ರಿವಾಲ್ವರ್

ದೋಹಾದ ಸೂಕ್ ವಾಕಿಫ್‌ನ ಹಿಂಬದಿಯ ಗಲ್ಲಿಯಲ್ಲಿ ಬೇಟೆಯ ಸಾಮಾನು ಮಾರುವ ಅಂಗಡಿಯೊಂದಿತ್ತು. ಡೇರೆ, ದುರ್ಬೀನು, ಗಿಡುಗದ ತಲೆಗೆ ತೊಡಿಸುವ ಪುಟ್ಟ ಚರ್ಮದ ಟೊಪ್ಪಿಗೆ, ಗೋಡೆಯುದ್ದಕ್ಕೂ ಸಾಲಾಗಿ ನಿಂತ ಕೋವಿಗಳು ಎಲ್ಲ ಮುಂದಿನ ಕೋಣೆಯಲ್ಲಿ. ಹಿಂದಿನ ಕೋಣೆಯಲ್ಲಿ ಏಸಿಯ ಗೊರಗೊರ ಸದ್ದಿನ ಕೆಳಗೆ ರೋಸಲಿನ್ ಟೈಪ್‌ರೈಟರ್ ಕುಟ್ಟುತ್ತಿದ್ದಳು. ಬಿಲ್ಲು, ಬೆಲ್ಜಿಯಮ್ಮಿನ ಕಂಪೆನಿಗಳಿಗೆ ಪತ್ರ, ಪೊಲೀಸ್ ಇಲಾಖೆಗೆ ಕಳಿಸುವ ಕಾಗದಪತ್ರ, ಇಷ್ಟು ಅವಳ ಕೆಲಸ. ಮುಂದಿನ ಕೋಣೆ, ಮಾರಾಟ ನೋಡಿಕೊಳ್ಳುವ ಉಪ್ಪಳದ ಬ್ಯಾರಿ ಮೊಯ್ದಿನ್ ಅವರ ರಾಜ್ಯ. ಅಲ್ಲಿಗೆ ಬರುವ ಗಿರಾಕಿಗಳೆಲ್ಲ ಗಂಡಸರೇ ಆದ್ದರಿಂದ ಇವಳು ಅತ್ತ ಕಾಲಿಡುತ್ತಿದ್ದುದೂ ಕಡಿಮೆ.

ಹಾಗೆಂದು ಕೋವಿ ಅವಳಿಗೆ ಹೊಸತಲ್ಲ. ಮಡಂತ್ಯಾರಿನ ಅವಳ ತಂದೆಗೆ ಬೆಳೆ ರಕ್ಷಣೆಗೆಂದು ಸರಕಾರ ಕೊಟ್ಟ ಲೈಸನ್ಸಿನ ಒಂಟಿನಳಿಗೆ ಕೋವಿಯೊಂದಿತ್ತು. ಗೆಣಸಿನ ಗದ್ದೆಗೆ ಕಾಡುಹಂದಿ ನುಗ್ಗಿದಾಗ ಅದು ಹೊರಗೆ ಬರುತ್ತಿತ್ತು. ಚುನಾವಣೆ ಬಂದಾಗ ಊರಿನ ಉಳಿದ ಕೋವಿಗಳ ಜೊತೆ ಠಾಣೆಗೆ ಹೋಗಿ ಮಲಗುತ್ತಿತ್ತು. ನಾಲ್ಕು ಹೆಣ್ಣುಮಕ್ಕಳಲ್ಲಿ ಹಿರಿಯವಳಾದ ರೋಸಲಿನ್‌ಗೆ ಅದರ ನಳಿಗೆ ಉಜ್ಜಿ ಎಣ್ಣೆ ಸವರುವ ಕೆಲಸ. ಆಮೇಲೆ ಮಂಗಳೂರಿನಲ್ಲಿ ಟೈಪಿಂಗ್ ಕಲಿತಳು, ವಲೇರಿಯನ್‌ನನ್ನು ಮದುವೆಯಾದಳು, ಸರಕು ಸಾಗಣೆಯ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಅವನ ಹಿಂದೆ ಕತಾರಿಗೆ ಬಂದಳು. ಅಲ್ ಮನ್ಸೂರಾದಲ್ಲಿ ಎರಡು ಕೋಣೆಯ ಮನೆ, ನಟಾಶಾ ಎಂಬ ಮಗಳು, ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ಒಂದು ವಿಲ್ಲಾದ ಹಜಾರದಲ್ಲಿ ಪಾದ್ರಿಗಳ ಪೂಜೆ, ಮಧ್ಯಾಹ್ನ ಹಂದಿಮಾಂಸವಿಲ್ಲದ ಊಟದ ಬಗ್ಗೆ ವಲೇರಿಯನ್‌ನ ಕೊರಗು. ಅವಳ ಬದುಕಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ.

೧೯೯೩ರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅಂಗಡಿಗೆ ಹೆಂಗಸೊಬ್ಬರು ಬಂದರು. ಕಪ್ಪು ಅಬಾಯ, ಮುಖಕ್ಕೆ ಹಳೆಗಾಲದವರು ಹಾಕುವ ಹೊಳಪಿನ ಬತ್ತೂಲಾ ಮುಸುಕು. ಮೊಯ್ದಿನ್ ಗಡಿಬಿಡಿಯಿಂದ ಎದ್ದು ನಿಂತರು. ಹೆಂಗಸು ಪೀಠಿಕೆಯಿಲ್ಲದೆ ಹೇಳಿದರು:

"ಮನೆಗೆ ಒಂದು ಪಿಸ್ತೂಲು ಬೇಕು. ಪೊಲೀಸರ ಪರವಾನಿಗೆ ತಂದಿದ್ದೇನೆ. ಬೆಲೆ ಮಾತ್ರ ನನ್ನ ಕೈಗೆಟುಕುವಂತಿರಲಿ."

ಅವರು ಅಲ್ ಖೋರ್‌ನ ಉಮ್ಮ್ ಸಾಲೆಹ್. ಗಂಡ ಮೀನಿನ ದೋಣಿಗಳ ಒಡೆಯರಾಗಿದ್ದವರು, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗ ಸಾಲೆಹ್‌ನದು ಸಮುದ್ರದ ನಡುವೆ ತೈಲದ ಕೆಲಸ, ತಿಂಗಳಲ್ಲಿ ಅರ್ಧದಷ್ಟು ದಿನ ಮನೆಯಲ್ಲಿರುತ್ತಿರಲಿಲ್ಲ. ಮನೆಯಲ್ಲಿ ಉಳಿಯುವವರು ಉಮ್ಮ್ ಸಾಲೆಹ್, ಸೊಸೆ, ಮೂವರು ಮೊಮ್ಮಕ್ಕಳು. ಹೋದ ತಿಂಗಳು ಯಾರೋ ಗೋಡೆ ಹಾರಿ ಎರಡು ಆಡು, ಒಂದು ಗ್ಯಾಸ್ ಸಿಲಿಂಡರು ಕದ್ದೊಯ್ದಿದ್ದರು. ಅಂದಿನಿಂದ ಅವರ ತಮ್ಮ, 'ಮನೆಗೆ ಬೀಗ ಹಾಕಿ ಎಲ್ಲರೂ ದೋಹಾಕ್ಕೆ, ನನ್ನ ಮನೆಗೆ ಬನ್ನಿ' ಎಂದು ಪಟ್ಟು ಹಿಡಿದಿದ್ದ. ಸಮುದ್ರ ಕಾಣದ ಮನೆಯಲ್ಲಿ ಇರಲಾರೆ ಎಂದು ಅಕ್ಕನೂ ಅಷ್ಟೇ ಪಟ್ಟು ಹಿಡಿದಿದ್ದರು.

ಮೊಯ್ದಿನ್ ಗಾಜಿನ ಪೆಟ್ಟಿಗೆಯಿಂದ ಇಟಲಿಯ ಪಿಸ್ತೂಲೊಂದನ್ನು ತೆಗೆದು ಮಖಮಲ್ಲಿನ ಬಟ್ಟೆಯ ಮೇಲಿಟ್ಟರು. ಬೆಳ್ಳಿಯಂತೆ ಫಳಫಳ ಹೊಳೆಯುತ್ತಿತ್ತು. "ಇದು ಕಂಡರೆ ಸಾಕು, ಕಳ್ಳ ಓಡಿಹೋಗುತ್ತಾನೆ," ಎಂದರು. ಉಮ್ಮ್ ಸಾಲೆಹ್ ಎತ್ತಿಕೊಂಡರು. ಗುಂಡು ಒಳಗೆ ಕೂರಬೇಕಾದರೆ ಮೇಲಿನ ಉಕ್ಕಿನ ಭಾಗವನ್ನು ಜಗ್ಗಿ ಹಿಂದಕ್ಕೆಳೆಯಬೇಕು. ಅವರು ಎಳೆದರು, ಬರಲಿಲ್ಲ. ಹೊಟ್ಟೆಗೆ ಒತ್ತಿಕೊಂಡು ಎಳೆದರು, ಆಗಲೂ ಬರಲಿಲ್ಲ. ಬೆರಳಿನ ಗಂಟುಗಳ ನೋವಿಗೆ ತುಟಿ ಕಚ್ಚಿದರು. ಬೆಲೆ ಕೇಳಿದ ಮೇಲಂತೂ ಕೆಳಗಿಟ್ಟೇಬಿಟ್ಟರು.

"ಖಲಾಸ್," ಎಂದರು ಸಣ್ಣ ದನಿಯಲ್ಲಿ. "ನನ್ನಂಥವಳಿಗಲ್ಲ ಇದು. ತಮ್ಮ ಹೇಳಿದ್ದೇ ಸರಿಯಿರಬೇಕು."

ಟೈಪಿಂಗ್ ನಿಲ್ಲಿಸಿ ಹಿಂದಿನ ಕೋಣೆಯ ತೆರೆದ ಬಾಗಿಲಿನಿಂದ ನೋಡುತ್ತಿದ್ದವಳಿಗೆ ಆ ಕೊನೆಯ ಮಾತು ಕೇಳಿಸಿತು. ರೋಸಲಿನ್‌ಗೆ ಏನನ್ನಿಸಿತೋ, ಟೈಪ್‌ರೈಟರ್ ಬಿಟ್ಟು ಎದ್ದು ಬಂದಳು. ಟೆಲಿಫೋನಿನಲ್ಲಿ ಕಲಿತ ತನ್ನ ಒರಟು ಅರಬ್ಬಿಯಲ್ಲಿ, "ಅಮ್ಮಾ, ಒಂದು ನಿಮಿಷ ಕೂತುಕೊಳ್ಳಿ, ಚಹಾ ತರಿಸುತ್ತೇನೆ," ಎಂದಳು. ಮೊಯ್ದಿನ್ ಹುಬ್ಬೇರಿಸಿದರು.

ಅವಳು ಕೆಳಗಿನ ಡ್ರಾಯರಿನಿಂದ ಹಳೆಯ ರಿವಾಲ್ವರ್ ಒಂದನ್ನು ತೆಗೆದಳು. ಮಾಲೀಕರ ಪರಿಚಯದ ಹಿರಿಯರೊಬ್ಬರು ಮಾರಿ ಹೋದದ್ದು, ವರ್ಷದಿಂದ ಯಾರೂ ಕೇಳಿರಲಿಲ್ಲ. ಬಣ್ಣ ಅಲ್ಲಲ್ಲಿ ಸವೆದಿತ್ತು, ಮರದ ಹಿಡಿ ಮಾಸಿತ್ತು. ಗುಂಡು ತುಂಬುವ ಉರುಳೆ ಹೊರಳಿಸಿ ಒಳಗೆ ಗುಂಡಿಲ್ಲವೆಂದು ತಾನು ನೋಡಿದಳು, ಅವರಿಗೂ ತೋರಿಸಿದಳು, ಆಮೇಲೆ ಕೈಗಿತ್ತಳು. ಅದರಲ್ಲಿ ಜಗ್ಗುವುದು ಎಳೆಯುವುದು ಏನೂ ಇರಲಿಲ್ಲ. ಉಮ್ಮ್ ಸಾಲೆಹ್ ನೆಲದತ್ತ ಗುರಿ ಹಿಡಿದು ಟ್ರಿಗರ್ ಒತ್ತಿದರು. ಸ್ವಲ್ಪ ಬಿಗಿ ಅನ್ನಿಸಿತು, ಆದರೆ ಟಕ್ ಎಂದಿತು. ಇನ್ನೊಮ್ಮೆ ಒತ್ತಿದರು, ಟಕ್. ಮುಸುಕಿನ ಹಿಂದೆ ಅವರ ಕಣ್ಣು ಅಗಲವಾಯಿತು.

"ಇದು ಚೆಂದವಿಲ್ಲ," ಎಂದರು.

"ಇಲ್ಲ. ಆದರೆ ನಿಮ್ಮ ಕೈಗೆ ಆಗುತ್ತದೆ. ಬೆಲೆಯೂ ಅದರ ಕಾಲುಭಾಗ. ಮನೆಯಲ್ಲಿ ಎಲ್ಲಿಡುತ್ತೀರಿ?"

"ತಲೆದಿಂಬಿನ ಕೆಳಗೆ. ಮತ್ತೆಲ್ಲಿ?"

ರೋಸಲಿನ್ ಮೊಮ್ಮಕ್ಕಳೆಷ್ಟು ದೊಡ್ಡವರು ಎಂದು ಕೇಳಿದಳು. ಹಿರಿಯವನಿಗೆ ಏಳು ವರ್ಷ ಎಂದು ತಿಳಿದ ಮೇಲೆ ರಿವಾಲ್ವರನ್ನು ಬಟ್ಟೆಯಲ್ಲಿ ಸುತ್ತಿ ಮತ್ತೆ ಡ್ರಾಯರಿನಲ್ಲಿಟ್ಟಳು. "ಇದನ್ನು ನಿಮಗಾಗಿ ತೆಗೆದಿಟ್ಟಿರುತ್ತೇನೆ. ಇವತ್ತು ಕೊಡುವುದಿಲ್ಲ. ಮೊದಲು ಮನೆ ನೋಡಬೇಕು."

ಉಮ್ಮ್ ಸಾಲೆಹ್‌ಗೆ ನಗು ಬಂತು. ಮದುವೆಗೆ ಹೆಣ್ಣು ಕೊಡುವವರಂತೆ ಮಾತಾಡುತ್ತೀಯಲ್ಲ ಎಂದು ಶುಕ್ರವಾರ ಊಟಕ್ಕೇ ಕರೆದು ಹೋದರು.

ಅವರು ಹೋದ ಮೇಲೆ ಮೊಯ್ದಿನ್ ಮುಖ ಗಂಟಿಕ್ಕಿ, ಊರಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆಯೇ ಕರೆದು ಹೇಳಿದರು, "ಎಂತದು ಬಾಯಮ್ಮಾ, ಕೈಗೆ ಬಂದ ವ್ಯಾಪಾರ ಬಿಟ್ಟುಬಿಟ್ಟಿರಲ್ಲ? ಅರ್ಬಾಬ್ ಕೇಳಿದರೆ ಎಂತ ಹೇಳುವುದು ನಾನು?"

"ನಾನೇ ಹೇಳ್ತೇನೆ ಬ್ಯಾರಿಗಳೇ. ಸಣ್ಣ ಮಕ್ಕಳಿರುವ ಮನೆ. ನಾಳೆ ಎಂತಾದರೂ ಆದರೆ ನಮಗೆ ಅನ್ನ ಗಂಟಲಲ್ಲಿ ಇಳೀಲಿಕ್ಕುಂಟಾ?"

ಮೊಯ್ದಿನ್‌ಗೂ ಊರಲ್ಲಿ ಮೂರು ಮಕ್ಕಳು. ಅವರು ಇಟಲಿಯ ಪಿಸ್ತೂಲನ್ನು ಒರೆಸಿ ಗಾಜಿನ ಪೆಟ್ಟಿಗೆಯೊಳಗಿಟ್ಟರು. ಅರ್ಬಾಬ್, ಎಂದರೆ ಅಂಗಡಿಯ ಮಾಲೀಕರು, ವಿಷಯ ಕೇಳಿ ಗಡ್ಡ ಸವರಿಕೊಂಡು "ಹೋಗಿ ಬಾ" ಎಂದಷ್ಟೇ ಹೇಳಿದರು.

ಶುಕ್ರವಾರ ಪೂಜೆ ಮುಗಿಸಿ ವಲೇರಿಯನ್ ತನ್ನ ಹಳೆಯ ನಿಸ್ಸಾನ್ ಕಾರಿನಲ್ಲಿ ಹೆಂಡತಿ ಮಗಳನ್ನು ಕೂರಿಸಿಕೊಂಡು ಉತ್ತರಕ್ಕೆ ಹೊರಟ. ಎರಡೂ ಬದಿಗೆ ಬೋಳು ಮರಳು.

"ಟೈಪಿಸ್ಟ್ ಅಂತ ಕರಕೊಂಡು ಬಂದದ್ದು ನಿನ್ನನ್ನು. ಈಗ ಪಿಸ್ತೂಲು ಮಾರಲಿಕ್ಕೆ ಹೊರಟದ್ದಾ ಮಾರಾಯ್ತಿ?" ಎಂದ.

"ನೀವು ಸೀದಾ ರೋಡು ನೋಡಿ. ಅಲ್ಲಿ ಒಳ್ಳೆ ಮೀನುಂಟಂತೆ."

ಮೀನಿನ ಮಾತು ಬಂದದ್ದೇ ವಲೇರಿಯನ್ ಕಾರಿನ ವೇಗ ಹೆಚ್ಚಿಸಿದ.

ಮನೆ ಕಡಲ ದಂಡೆಗೆ ಹತ್ತಿರವಿತ್ತು. ಉಮ್ಮ್ ಸಾಲೆಹ್ ಮುಸುಕು ತೆಗೆದು, ಖಹ್ವಾ ಕಾಫಿ, ಖರ್ಜೂರ ಕೊಟ್ಟು, ರೋಸಲಿನ್‌ಳನ್ನು ಒಳಗೆಲ್ಲ ಸುತ್ತಾಡಿಸಿದರು. ಹಿತ್ತಲಿನ ಬಾಗಿಲಿನ ಚಿಲಕ ಮುರಿದಿತ್ತು, ಬಾಗಿಲನ್ನು ಹಗ್ಗದಲ್ಲಿ ಕಟ್ಟಿದ್ದರು. ಹಿತ್ತಲಿಗೆ ದೀಪವೇ ಇರಲಿಲ್ಲ. ನೀರಿನ ಟ್ಯಾಂಕು ಗೋಡೆಗೆ ತಾಗಿಯೇ ಇತ್ತು, ಹೊರಗಿನಿಂದ ಗೋಡೆ ಹತ್ತಿದವನಿಗೆ ಒಳಗಿಳಿಯಲು ಅದೇ ಮೆಟ್ಟಿಲು.

ಅಷ್ಟರಲ್ಲಿ ನಟಾಶಾ ಮತ್ತು ಆ ಮನೆಯ ಮಕ್ಕಳು, ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ, ಕಣ್ಣಾಮುಚ್ಚಾಲೆ ಶುರುಮಾಡಿದ್ದರು. ನಾಲ್ಕು ವರ್ಷದ ಮೊಮ್ಮಗಳು ಅಜ್ಜಿಯ ಹಾಸಿಗೆಗೆ ಹಾರಿ ತಲೆದಿಂಬಿನ ಅಡಿಗೆ ತಲೆ ತೂರಿಸಿದಳು. ಹೊರಬಂದಾಗ ಅವಳ ಒಂದು ಕೈಯಲ್ಲಿ ಅಜ್ಜಿಯ ಜಪಮಣಿ, ಇನ್ನೊಂದರಲ್ಲಿ ಕನ್ನಡಕ. ಕನ್ನಡಕ ಹಾಕಿಕೊಂಡು ಎಲ್ಲರನ್ನೂ ನೋಡಿ ಕಿಲಕಿಲ ನಕ್ಕಳು.

ಉಮ್ಮ್ ಸಾಲೆಹ್ ಮೊಮ್ಮಗಳನ್ನು ಎಳೆದು ಎದೆಗವಚಿಕೊಂಡರು. "ಬೀಗವಿರುವ ಪೆಟ್ಟಿಗೆ ಸಿಗುತ್ತದೆಯೇ ನಿಮ್ಮಲ್ಲಿ?" ಎಂದು ಕೇಳಿದರು.

"ಸಿಗುತ್ತದೆ. ಗೋಡೆಗೆ ಬೋಲ್ಟ್ ಹಾಕಿ ಕೂರಿಸಬೇಕು. ಬೀಗದ ಕೈ ನಿಮ್ಮ ಕೊರಳಲ್ಲಿರಲಿ. ಆದರೆ ಅದಕ್ಕೂ ಮೊದಲು ಹಿತ್ತಲಿಗೆ ದೀಪ, ಬಾಗಿಲಿಗೆ ಕಬ್ಬಿಣದ ಅಗುಳಿ. ಕಳ್ಳನನ್ನು ಹೊಡೆಯುವುದಕ್ಕಿಂತ ಅವನು ಒಳಗೇ ಬಾರದಿದ್ದರೆ ಒಳ್ಳೆಯದಲ್ಲವೇ?"

ಊಟಕ್ಕೆ ದೊಡ್ಡ ತಟ್ಟೆಯ ತುಂಬ ಅನ್ನ, ಅದರ ಮೇಲೆ ಇಡೀ ಹಮೂರ್ ಮೀನು. ನಮ್ಮೂರಿನ ಮುರುಮೀನೇ ಇದು ಎಂದು ವಲೇರಿಯನ್ ಗಂಡಸರು ಕೂರುವ ಮಜ್ಲಿಸ್ ಕೋಣೆಯಲ್ಲಿ ಒಬ್ಬನೇ ಕೂತು ಮುಳ್ಳು ಕೂಡ ಬಿಡದೆ ತಿಂದ. ಸಂಜೆಯಾಗುವ ಮೊದಲು ಪೇಟೆಗೆ ಹೋಗಿ ಅಗುಳಿ ತಂದು ಜಡಿದುಕೊಟ್ಟವನೂ ಅವನೇ. ಉಂಡ ಮೀನಿಗೆ ಅಷ್ಟಾದರೂ ಮಾಡಬೇಡವೇ ಎಂದು ಅವನ ಲೆಕ್ಕಾಚಾರ.

ದೀಪ ಬಂತು, ಪೆಟ್ಟಿಗೆ ಕೂತಿತು. ಆಮೇಲೆಯೇ ರಿವಾಲ್ವರ್ ಅಲ್ ಖೋರ್‌ಗೆ ಹೋದದ್ದು. ಅದಕ್ಕೂ ಮುಂಚೆ ಅರ್ಬಾಬ್ ತಮ್ಮ ಹೆಂಡತಿಯನ್ನೂ ಕರೆದುಕೊಂಡು ಉಮ್ಮ್ ಸಾಲೆಹ್, ರೋಸಲಿನ್, ವಲೇರಿಯನ್ ಮೂವರನ್ನೂ ಮರಳುಗಾಡಿನ ತಮ್ಮ ಡೇರೆಗೆ ಒಯ್ದರು. ದಿಬ್ಬದ ಬುಡದಲ್ಲಿ ಹಾಲಿನ ಪುಡಿಯ ಡಬ್ಬಗಳನ್ನಿಟ್ಟು ಗುರಿ ಕಲಿಸುವುದು ಎಂದಾಯಿತು. ಎರಡೂ ಕೈಯಲ್ಲಿ ಹಿಡಿಯುವುದನ್ನು, ಬೆರಳನ್ನು ಟ್ರಿಗರಿನಿಂದ ಹೊರಗೆ ಚಾಚಿಟ್ಟುಕೊಳ್ಳುವುದನ್ನು ರೋಸಲಿನ್ ತೋರಿಸಿದಳು.

"ನನ್ನ ಅಪ್ಪ ಹಂದಿ ಹೊಡೆಯಲು ಹೋದಾಗ, ಪೊದೆ ಅಲುಗಿತೆಂದು ಗುಂಡು ಹಾರಿಸಿದವರಲ್ಲ," ಎಂದಳು. "ಮೊದಲು ಕೂಗುತ್ತಿದ್ದರು. ಅದು ಹಂದಿಯೇ ಎಂದು ಕಣ್ಣಿಗೆ ಕಂಡ ಮೇಲೆ ಬೆರಳು. ಹಂದಿ ತಪ್ಪಿಸಿಕೊಂಡರೆ ನಾಳೆ ಬರುತ್ತದೆ. ಪೊದೆಯಲ್ಲಿ ಸೊಪ್ಪು ತರಿಯುವವಳಿದ್ದರೆ?"

ಉಮ್ಮ್ ಸಾಲೆಹ್‌ರ ಮೊದಲ ಗುಂಡು ಎಲ್ಲಿಗೆ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ. ಎರಡನೆಯದು ಮರಳಿಗೆ. ಆಮೇಲೊಂದು ಡಬ್ಬ ಠಣ್ ಎಂದು ಹಾರಿಬಿದ್ದಾಗ ಅವರು ರಿವಾಲ್ವರನ್ನು ಜೋಪಾನವಾಗಿ ಕೆಳಗಿಟ್ಟು, ಅಬಾಯ ಎತ್ತಿಕೊಂಡು ಡಬ್ಬದತ್ತ ಓಡಿದರು. ಅದರ ತೂತಿಗೆ ಬೆರಳು ಹಾಕಿ ಎಲ್ಲರಿಗೂ ತೋರಿಸಿದರು. ಅರ್ಬಾಬರ ಹೆಂಡತಿ, ನನಗೂ ಕೊಡಿ ಎಂದು ಮುಂದೆ ಬಂದರು. ಆ ಸಂಜೆ ಗಂಡಸರು ಡೇರೆಯಲ್ಲಿ ಚಹಾ ಕುಡಿಯುತ್ತ ಕೂತರು, ಹೆಂಗಸರು ಡಬ್ಬ ಮುಗಿಯುವವರೆಗೆ ಗುಂಡು ಹಾರಿಸಿದರು.

ಬೇಸಗೆ ಶುರುವಾಗುವ ಹೊತ್ತಿಗೆ ಉಮ್ಮ್ ಸಾಲೆಹ್ ಒಂದು ಬೆಳಿಗ್ಗೆ ಅಂಗಡಿಗೆ ಬಿರುಗಾಳಿಯಂತೆ ಬಂದರು. ಸಿಟ್ಟೋ ನಗುವೋ ತಿಳಿಯದ ದನಿ.

"ಕೇಳು ರೋಸ. ಇವತ್ತು ನಸುಕಿನ ಫಜ್ರ್ ನಮಾಜಿಗೆ ಎದ್ದಿದ್ದೆ. ಹಿತ್ತಲಲ್ಲಿ ಯಾರೋ ಧುಮುಕಿದ ಸದ್ದು. ಕೊರಳ ಬೀಗದ ಕೈಯಿಂದ ಪೆಟ್ಟಿಗೆ ತೆಗೆದೆ. ಸೊಸೆಗೆ, ಮಕ್ಕಳನ್ನು ಹಿಡಿದುಕೊಂಡು ಒಳಗೇ ಇರು ಎಂದೆ. ಬಾಗಿಲು ತೆಗೆಯಲಿಲ್ಲ, ಅಗುಳಿ ಹಾಗೇ ಇತ್ತು. ದೀಪ ಹಾಕಿ ಕಿಟಕಿಯಿಂದ ಕೂಗಿದೆ, ಯಾರದು? ಮಾತಿಲ್ಲ. ಟ್ಯಾಂಕಿನ ಹಿಂದೆ ಕಾಲು ಕಾಣುತ್ತಿದೆ. ನನ್ನ ಕೈಯಲ್ಲಿ ಪಿಸ್ತೂಲಿದೆ, ಹೆಸರು ಹೇಳು ಅಂದೆ. ಆಗಲೂ ಮಾತಿಲ್ಲ. ಅಷ್ಟರಲ್ಲಿ ಅವನು ಸೀನಿದ."

"ಸೀನಿದನಾ?"

"ಸೀನಿದ! ನನ್ನ ತಮ್ಮನ ಸೀನು, ತುತ್ತೂರಿ ಊದಿದ ಹಾಗೆ. ಅವನ ಮನೆಯಲ್ಲಿ ಎಲ್ಲರೂ ಹಾಗೇ ಸೀನುವುದು. ತಮ್ಮನ ಮಗ ಮುಬಾರಕ್! ಅತ್ತೆಯ ಮನೆ ಭದ್ರವಾಗಿದೆಯೋ ಇಲ್ಲವೋ ನೋಡಿ ಬಾ ಎಂದು ಅಪ್ಪನೇ ಕಳಿಸಿದ್ದಂತೆ. ಗೋಡೆ ಹಾರಿ ತೋರಿಸಿದರೆ ನಾನು ಹೆದರಿ ದೋಹಾಕ್ಕೆ ಬರುತ್ತೇನೆಂದು ಇಬ್ಬರ ಯೋಚನೆ. ಸಿಕ್ಕಿಬಿದ್ದ ನಾಚಿಕೆಗೆ ಬಾಯಿ ಬಿಡಲಿಲ್ಲ, ಕತ್ತೆ."

ಹೇಳುತ್ತ ಹೇಳುತ್ತ ಉಮ್ಮ್ ಸಾಲೆಹ್ ಕುರ್ಚಿಯಲ್ಲಿ ಕುಸಿದು ಕೂತರು. "ಬೆರಳು ಹೊರಗೇ ಇತ್ತು ರೋಸ," ಎಂದರು. "ಕಡೆಯವರೆಗೂ ಹೊರಗೇ ಇತ್ತು." ರೋಸಲಿನ್ ಅವರ ಎರಡೂ ಕೈಗಳನ್ನು ತನ್ನ ಕೈಯೊಳಗೆ ಹಿಡಿದುಕೊಂಡು ಕೂತಳು. ಮೊಯ್ದಿನ್ ಯಾರೂ ಹೇಳದೆ ತಾವೇ ಹೋಗಿ ಹಾಲಿಲ್ಲದ ಸುಲೈಮಾನಿ ಚಹಾ ತಂದರು.

ಮುಬಾರಕ್‌ಗೆ ಅಂದು ಅತ್ತೆಯ ಮನೆಯಲ್ಲಿ ಬೈಗುಳವೂ ಮೊಟ್ಟೆ ರೊಟ್ಟಿಯೂ ಹೊಟ್ಟೆತುಂಬ ಸಿಕ್ಕಿತ್ತು. ಅವನ ಅಪ್ಪನಿಗೆ ಅಕ್ಕ ಫೋನಿನಲ್ಲಿ ಏನು ಹೇಳಿದರೋ, ಅವನು ಆಮೇಲೆ ಮನೆ ಬಿಟ್ಟು ಬನ್ನಿ ಎಂಬ ಮಾತೆತ್ತಲಿಲ್ಲ. ಸಾಲೆಹ್ ಸಮುದ್ರದಿಂದ ಬಂದವನು ಟ್ಯಾಂಕನ್ನು ಗೋಡೆಯಿಂದ ದೂರಕ್ಕೆ ಸರಿಸಿದ. ಮನೆ ಮನೆಯಾಗಿಯೇ ಉಳಿಯಿತು.

ಈ ಕತೆ ಅಲ್ ಖೋರ್‌ನಿಂದ ದೋಹಾದವರೆಗೆ ಹೆಂಗಸರ ಬಾಯಿಂದ ಬಾಯಿಗೆ ಹೋಯಿತು. ತಾಯಿಗೆ ಟಾರ್ಚು, ಮಗನಿಗೆ ದುರ್ಬೀನು ಎಂದು ಏನಾದರೊಂದು ನೆವ ಹಿಡಿದು ಹೆಂಗಸರು ಬರತೊಡಗಿದರು. ಪಿಸ್ತೂಲು ಕೇಳಿದ ಒಬ್ಬಿಬ್ಬರಿಗೆ ರೋಸಲಿನ್ ಚಿಲಕ, ದೀಪ, ಮಕ್ಕಳ ವಯಸ್ಸು ವಿಚಾರಿಸಿ ಅಗುಳಿಯನ್ನಷ್ಟೇ ಕೊಂಡುಕೊಳ್ಳಿ ಎಂದು ಕಳಿಸಿದಳು. ಅರ್ಬಾಬ್ ಅವಳ ಮೇಜನ್ನು ಮುಂದಿನ ಕೋಣೆಗೆ ತರಿಸಿ, ನಡುವೆ ಒಂದು ಪರದೆ ಹಾಕಿಸಿದರು. ಟೈಪಿಂಗಿಗೆ ಕೇರಳದ ಹುಡುಗಿಯೊಬ್ಬಳು ಬಂದಳು. "ಲೇಡೀಸ್ ಎಲ್ಲ ಅಲ್ಲಿ, ನಮ್ಮ ಬಾಯಮ್ಮನ ಹತ್ರ," ಎಂದು ಮೊಯ್ದಿನ್ ಪರದೆಯತ್ತ ಕೈತೋರಿಸುವಾಗ ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು.

ಅಲ್ ಖೋರ್‌ನಿಂದ ಆಗಾಗ ಐಸಿನಲ್ಲಿಟ್ಟ ಮೀನು ಬರುತ್ತಿತ್ತು. ಹಾಗೆ ಬಂದ ಮೀನಿಗೆ ಒಂದು ಗುರುವಾರ ಸಂಜೆ ರೋಸಲಿನ್ ಮಸಾಲೆ ಅರೆಯುತ್ತಿದ್ದಳು. ವಲೇರಿಯನ್ ಅಡುಗೆಕೋಣೆಯ ಬಾಗಿಲಿಗೆ ಒರಗಿ ನಿಂತು ಕೇಳಿದ, "ಅಲ್ಲ, ಊರಿನವರಿಗೆಲ್ಲ ಸಲಹೆ ಕೊಡ್ತಿ. ನಮ್ಮ ಮನೆಗೆ ಎಂತ ಬೇಡವಾ?"

ಮೇಲಿನ ಮನೆಯಲ್ಲಿ ಯಾರೋ ಮೊಳೆ ಹೊಡೆಯುತ್ತಿದ್ದರು. ಎದುರುಮನೆಯ ಡೊರೊತಿ ಮಗನಿಗೆ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದಳು. ಮೆಟ್ಟಿಲ ಮೇಲೆ ನಟಾಶಾಳ ಸೈನ್ಯ ಕಿರುಚುತ್ತ ಏರಿಳಿಯುತ್ತಿತ್ತು.

"ಈ ಗಲಾಟೆಯಲ್ಲಿ ಯಾವ ಕಳ್ಳ ಬರ್ತಾನೆ? ಬಂದರೂ ಅವನಿಗೆ ನಿಲ್ಲಲಿಕ್ಕೆ ಜಾಗ ಎಲ್ಲುಂಟು?" ಎಂದಳು ರೋಸಲಿನ್. "ಆ ಹುಣಸೆಹುಳಿ ಸ್ವಲ್ಪ ಇತ್ತ ಕೊಡಿ."