ಹುಳುಮನೆಯ ಬಾಗಿಲಿಗೆ ಬಂದ ಪೈಲಟ್

ವಿಮಾನಕ್ಕೆ ಎರಡು ಪಂಖಗಳಿದ್ದವು, ಅಷ್ಟು ಖಚಿತ. ಕೆಳಗಿಳಿಯುವಾಗ ನಿಂತುಹೋಗಿದ್ದದ್ದು ಎಡಗಡೆಯದೋ ಬಲಗಡೆಯದೋ ಎಂಬುದನ್ನು ಒಂದೊಂದು ಸಲ ಒಂದೊಂದು ಥರ ಹೇಳಿದ್ದೇನೆ. ಬೇರೆ ವಿವರಗಳೂ ತಪ್ಪಿರಬಹುದು. ನನಗೆ ಅನುಕೂಲವಾಗುವ ಹಾಗೆ ತಪ್ಪಿರಬಹುದು ಎಂಬುದೇ ಭಯ.

ಆಗ ನಾನು ಎಂ.ಎ. ಓದುತ್ತಿದ್ದೆ. ರಜೆಗೆ ಸಾತನೂರಿನ ಆಚೆ ಇರುವ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅವರು ರೇಷ್ಮೆ ಸಾಕುತ್ತಿದ್ದರು. ಹುಳುಗಳಿಗೆಂದು ಬೇರೆ ಮನೆ ಇರಲಿಲ್ಲ. ನಡುಮನೆಯ ತುಂಬ ತಟ್ಟೆಗಳು, ಒಲೆಯ ಹತ್ತಿರ ನಾವು. ಹುಳುಗಳು ಕೊನೆಯ ಮೇವಿನಲ್ಲಿದ್ದವು. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಆ ಹೊತ್ತಿನಲ್ಲಿ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಬೀಡಿ, ಸೆಂಟು, ಸೀಮೆಎಣ್ಣೆ, ಯಾವ ವಾಸನೆಯೂ ಹುಳುವಿಗೆ ತಾಗಬಾರದು. ನಾನು ಹೋದ ದಿನವೇ ಚಿಕ್ಕಮ್ಮ ನನ್ನ ತಲೆ ಮೂಸಿ, "ಅದೇನ್ ಶಾಂಪೂನೋ, ಮದ್ವೆ ಮನೆ ನಾತ ಹೊಡೀತದೆ. ತೊಳ್ಕೊಂಡ್ ಬಾರವ್ವ" ಎಂದು ಬಚ್ಚಲಿಗೆ ಕಳಿಸಿದ್ದಳು.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಸಾಮಾನು ಸಾಗಿಸುವ ಒಂದು ಹಳೆಯ ವಿಮಾನ ತೆಂಗಿನ ತಲೆ ಸವರುವಷ್ಟು ಕೆಳಗೆ ಹಾದುಹೋಯಿತು. ನಿಂತ ಪಂಖದ ಅಲಗುಗಳನ್ನು ಎಣಿಸಬಹುದಿತ್ತು. ಒಣಗಿದ ಕೆರೆಯಂಗಳದಲ್ಲಿ ಹೊಟ್ಟೆಯ ಮೇಲೆ ಜಾರಿ, ಜಾಲಿ ಪೊದೆಗೆ ಮೂಗು ತೂರಿಸಿ ನಿಂತಿತು. ಬೆಂಕಿ ಹತ್ತಲಿಲ್ಲ. ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಪಕ್ಕದ ಮನೆಯವನಿಗೆ ಕೂಗಿದ: "ಲೇ, ಬಸ್ಸೇ ನೆಟ್ಟಗ್ ಬರ್ದಿರೋ ಊರ್ಗೆ ಇಮಾನ ಬಂದ್ಬುಡ್ತು ಕಣ್ಲಾ!" ಇಬ್ಬರೂ ಓಡಿದರು. ನನಗೂ ನಗು ಬಂತು.

ವಿಮಾನದಲ್ಲಿದ್ದವರು ಇಬ್ಬರು. ಚಿಕ್ಕವನಿಗೆ ಏನೂ ಆಗಿರಲಿಲ್ಲ. ಅವನು ಫೋನು ಹಿಡಿದು ಅಲ್ಲೇ ಉಳಿದ. ದೊಡ್ಡವನು, ಪೈಲಟ್ಟು, ಐವತ್ತು ದಾಟಿದ ಮನುಷ್ಯ. ಅವನನ್ನು ಹೆಗಲು ಕೊಟ್ಟು ನಡೆಸಿಕೊಂಡು ಬಂದರು. ಕೆರೆಗೆ ಹತ್ತಿರದ್ದು ನಮ್ಮ ಮನೆಯೇ.

"ಕೈ ಮುರ್ದೈತೆ. ಒಸಿ ನೆಳ್ಳಲ್ ಮಲಗ್ಸಿ, ಆಂಬುಲೆನ್ಸು ಕನಕಪುರದಿಂದ ಬರ್ಬೇಕಂತೆ" ಎಂದು ಚಿಕ್ಕಪ್ಪ ಮತ್ತೆ ಕೆರೆಯ ಕಡೆ ಓಡಿದ.

ಪೈಲಟ್ಟನ ಅಂಗಿಯೆಲ್ಲ ಇಂಧನದಲ್ಲಿ ನೆನೆದಿತ್ತು. ಥೇಟ್ ಸೀಮೆಎಣ್ಣೆಯ ವಾಸನೆ. ಚಿಕ್ಕಮ್ಮ ಹೊಸ್ತಿಲಿಗೆ ಅಡ್ಡ ನಿಂತು, "ಅಯ್ಯೋ, ಒಳಕ್ ಬಂದ್ರೆ ಒಂದ್ ಹುಳಾನೂ ಉಳಿಯಕ್ಕಿಲ್ಲ ಕಣವ್ವ. ನಿಂಗ್ ಇಂಗ್ಲಿಷ್ ಬತ್ತದಲ್ಲ, ಏನಾರ ಹೇಳು" ಎಂದಳು. ಒಳಗೆ ಸ್ವಲ್ಪ ಮಲಗಬಹುದೇ ಎಂದು ಆತ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ. ಒಳಗೆ ಬಾಣಂತಿ ಇದ್ದಾಳೆ ಎಂದೆ.

ಹುಳು ಎಂದಿದ್ದರೂ ಅವನಿಗೆ ಅರ್ಥವಾಗುತ್ತಿತ್ತೇನೋ. ಆದರೆ ಒಬ್ಬ ಮನುಷ್ಯನನ್ನು ಹುಳುವಿಗಾಗಿ ಹೊರಗೆ ಕೂರಿಸುತ್ತಿದ್ದೇವೆ ಎಂದು ಹೇಳಲು ನನಗೆ ನಾಚಿಕೆಯಾಗಿತ್ತು. ಕೂರಿಸಲು ನಾಚಿಕೆಯಾಗಿರಲಿಲ್ಲ.

ಆತ ಕ್ಷಮೆ ಕೇಳಿದ. ಗೊತ್ತಿರಲಿಲ್ಲ ಎಂದ. ಸರಿಯಿದ್ದ ಕೈಯನ್ನು ಊರಿಕೊಂಡು ಹೊಸ್ತಿಲಿನಿಂದ ಹಿಂದೆ ಸರಿದು, ಬಿಸಿಲಿನಲ್ಲಿದ್ದ ಒಗೆಯುವ ಕಲ್ಲಿನ ಮೇಲೆ ಕೂತ. ಮಗು ಎಚ್ಚರವಾಗದಿರಲೆಂದು ಆಮೇಲೆ ಪಿಸುದನಿಯಲ್ಲೇ ಮಾತಾಡಿದ. ನೀರು ಕೊಟ್ಟಾಗ, ಗಂಡೋ ಹೆಣ್ಣೋ ಎಂದು ಕೇಳಿದ. ಹೆಣ್ಣು ಎಂದೆ. ನೋವಿಗೆ ಮುಖ ಕಿವುಚಿಕೊಂಡೇ ನಕ್ಕ. ಆಂಬುಲೆನ್ಸು ಬರುವಷ್ಟರಲ್ಲಿ ಎರಡು ಸಲ ವಾಂತಿ ಮಾಡಿಕೊಂಡಿದ್ದ. ಹಿತ್ತಲಲ್ಲಿ ದನದ ಕೊಟ್ಟಿಗೆಯಿತ್ತು, ಅಲ್ಲಿ ನೆರಳಿತ್ತು. ಅದು ಆಗ ಹೊಳೆಯಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ.

ಹುಳು ಹಣ್ಣಾಯಿತು, ಗೂಡು ಚೆನ್ನಾಗಿ ಬಂತು. ಗ್ರಾಮಸ್ಥರು ಗಾಯಾಳುವನ್ನು ಉಪಚರಿಸಿ ಮಾನವೀಯತೆ ಮೆರೆದರೆಂದು ಪತ್ರಿಕೆಯೊಂದು ಬರೆಯಿತು. ಅದನ್ನು ಕತ್ತರಿಸಿ ಇಟ್ಟುಕೊಂಡೆ. ಹಾಸ್ಟೆಲಿನಲ್ಲಿ ಗೆಳತಿಯರಿಗೆ ನೀರು ಕೊಟ್ಟ ಭಾಗವನ್ನಷ್ಟೇ ಹೇಳಿದೆ. ಮುಂದೆ ಯಾರಾದರೂ ಕೆದಕಿ ಕೇಳಿದರೆ, ಬಾಣಂತಿಯ ಸುಳ್ಳು ಚಿಕ್ಕಮ್ಮನದು, ನಾನು ಅನುವಾದಿಸಿದೆ ಅಷ್ಟೇ ಎನ್ನುತ್ತಿದ್ದೆ.

ಅಂಥ ಹಳೆಯ ಪಂಖದ ವಿಮಾನಗಳ ಅಪಘಾತದ ವರದಿ ಎಲ್ಲಿ ಸಿಕ್ಕರೂ ಓದುವುದು ಈಗ ಚಟವಾಗಿದೆ. ಯಾವ ಎಂಜಿನ್ನು ಯಾಕೆ ನಿಂತಿತು, ಎಷ್ಟು ಎತ್ತರದಲ್ಲಿ, ಎಲ್ಲವನ್ನೂ ಬರೆದಿರುತ್ತಾರೆ. ನೆಲಕ್ಕೆ ಮುಟ್ಟಿದ ಮೇಲೆ ವರದಿ ಬೇಗ ಮುಗಿಯುತ್ತದೆ.

ಮಗು ಹೆಣ್ಣು ಎಂದದ್ದಂತೂ ನಾನೇ. ಚಿಕ್ಕಮ್ಮನಿಗೆ ಆ ಪ್ರಶ್ನೆಯೇ ಅರ್ಥವಾಗಿರಲಿಲ್ಲ. ಅಷ್ಟು ಸಲೀಸಾಗಿ ಅದನ್ನು ಹೇಳಿದವಳು ಮೊದಲಿನ ಸುಳ್ಳನ್ನೂ ಕಟ್ಟಿರಬಾರದೇಕೆ ಎಂಬ ಅನುಮಾನ ಹತ್ತಿ, ಹೋದ ತಿಂಗಳು ಊರಿಗೆ ಹೋದಾಗ ಅವಳ ಪಕ್ಕದಲ್ಲಿ ಕೂತು ಗೂಡು ಬಿಡಿಸುತ್ತಾ ಕೇಳಿದೆ. ಅವಳು ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಬುಟ್ಟಿಗೆ ಹಾಕಿದಳು. ನಾನು ಕೇಳಿದ್ದು ಇಷ್ಟೇ:

"ಚಿಕ್ಕಮ್ಮ, ಅವತ್ತು ಬಾಣಂತಿ ಅವ್ಳೆ ಅಂತ ಹೇಳು ಅಂದಿದ್ದು ನೀನಾ, ಇಲ್ಲಾ ನಾನೇ ಹುಟ್ಟಿಸ್ಕೊಂಡ್ ಹೇಳಿದ್ನಾ?"