ವೋಲ್ಟೇಜ್ ಇಳಿಸಿದವಳು

ನನ್ನ ಮಾವನವರಿಗೆ ಪಂಪಿನ ಮೋಟರು ಗೊತ್ತಿತ್ತು. ಅಷ್ಟೇ ಆಗಿದ್ದರೆ ನನ್ನದೇನೂ ತಕರಾರಿರಲಿಲ್ಲ. ಮೋಟರು ಗೊತ್ತಿದೆ ಎಂದಮೇಲೆ ಕರೆಂಟಿನಿಂದ ಓಡುವುದೆಲ್ಲ ತಮಗೆ ಗೊತ್ತು ಎಂದು ಅವರು ತಿಳಿದಿದ್ದರು, ಮನೆಯವರೆಲ್ಲ ಗೋಣು ಹಾಕುತ್ತಿದ್ದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಆಗ ನಾವು ಮೂಡಲಗಿಯಲ್ಲಿದ್ದೆವು. ನನ್ನ ಗಂಡ ಮದುವೆಗಳ ವಿಡಿಯೋ ತೆಗೆಯುತ್ತಿದ್ದರು; ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಸ್ಟುಡಿಯೋ ಇತ್ತು. ತೆಗೆದದ್ದನ್ನು ಕತ್ತರಿಸಿ, ಹಾಡು ಕೂಡಿಸಿ, ಹೆಸರು ಹಾಕಿ ಡಿವಿಡಿ ಮಾಡುವುದಕ್ಕೆ ನಮ್ಮ ಕಡೆ ಮಿಕ್ಸಿಂಗ್ ಎನ್ನುತ್ತಾರೆ. ಅದು ನನ್ನ ಕೆಲಸ. ತವರೂರು ಹುಕ್ಕೇರಿಯಲ್ಲಿದ್ದಾಗ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆ. ಕರೆಂಟು ಹೇಳದೆ ಕೇಳದೆ ಹೋಗುತ್ತಿದ್ದುದರಿಂದ ಒಂದು ಹಳೆಯ ಲ್ಯಾಪ್‌ಟಾಪ್ ತಂದಿದ್ದೆವು. ಅಡುಗೆಮನೆಯ ಬಾಜೂ ಕಾಳಿನ ಕೋಣೆಯಲ್ಲಿ, ಜೋಳದ ಚೀಲಗಳ ನಡುವೆ ನನ್ನ ಮೇಜು. ಮದುವೆಯಾಗಿ ಬಂದಮೇಲೆ ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ಕೆಲಸ ಒಂದೇ.

ಬೇಸಿಗೆ ಬಂತು, ಲಗ್ನದ ಸೀಸನ್ ಬಂತು, ಲ್ಯಾಪ್‌ಟಾಪ್ ಕೈಕೊಡಲು ಶುರುಮಾಡಿತು. ಕತ್ತರಿಸಿ ಜೋಡಿಸುವ ತನಕ ಸುಮ್ಮನಿರುತ್ತಿತ್ತು. ಕೊನೆಗೆ ಇಡೀ ಮದುವೆಯನ್ನು ಒಂದು ಫೈಲಾಗಿ ಮಾಡುವಾಗ, ಅಂದರೆ ಅದಕ್ಕೆ ನಿಜವಾದ ದುಡಿಮೆ ಬಿದ್ದಾಗ, ಕಾದ ಹಂಚಿನಂತಾಗಿ ತಟ್ಟನೆ ಆರಿಹೋಗುತ್ತಿತ್ತು. ಮತ್ತೆ ಮೊದಲಿನಿಂದ. ಫ್ಯಾನಿನ ಧೂಳು ತೆಗೆದೆ, ಕೆಳಗೆ ಸ್ಟೀಲಿನ ತಾಟು ಬೋರಲು ಹಾಕಿದೆ, ಏನೂ ಉಪಯೋಗವಾಗಲಿಲ್ಲ. ಕೊಣ್ಣೂರಿನ ಒಂದು ಮದುವೆಯ ಡಿವಿಡಿ ತಡವಾಗಿ, ಹುಡುಗಿಯ ತಂದೆ ಮನೆಗೇ ಬಂದು ನಾಲ್ಕು ಮಾತು ಅಂದು ಹೋದರು. ಅವರು ಅತ್ತ ಹೋಗುತ್ತಲೇ ಮಾವನವರು ಕಟ್ಟೆಯ ಮೇಲೆ ಕೂತು ತೀರ್ಮಾನ ಹೇಳಿದರು. ಈ ಡಿವಿಡಿಯೊಂದು ಆಗದಿದ್ದರೆ ಲ್ಯಾಪ್‌ಟಾಪ್ ಮಾರಿ, ಮಿಕ್ಸಿಂಗ್ ಎಲ್ಲ ಗೋಕಾಕಿನ ಅಂಗಡಿಗೆ ಕೊಡುವುದು. ಮನೆಯಲ್ಲಿ ನನಗೆ ಬೇರೆ ಕೆಲಸ ಇಲ್ಲವೇ ಎಂದೂ ಕೇಳಿದರು.

ನಾನು ಗೋಕಾಕಿಗೆ ಹೋಗಿ ಸೈಬರ್ ಕೆಫೆಯಲ್ಲಿ ಕೂತು ಹುಡುಕಿದೆ. ಈ ಕಾಯಿಲೆ ಎಷ್ಟೋ ಜನರಿಗಿತ್ತು. ಲ್ಯಾಪ್‌ಟಾಪಿನೊಳಗಿನ ಯಾವ ಪ್ರೊಸೆಸರ್ ಚಿಪ್‌ಗೂ ಕಡಿಮೆ ಬೀಳಬಾರದೆಂದು ಕಂಪನಿಯವರು ಎಲ್ಲಕ್ಕೂ ಒಂದಿಷ್ಟು ಹೆಚ್ಚೇ ವೋಲ್ಟೇಜ್ ಕೊಟ್ಟಿರುತ್ತಾರಂತೆ. ಆ ಹೆಚ್ಚಿನದು ಸುಮ್ಮನೆ ಕಾವಾಗಿ ಹೋಗುತ್ತದೆ. ಒಂದು ಸಣ್ಣ ಪ್ರೋಗ್ರಾಮಿನಿಂದ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬಹುದು. ಕೆಲಸ ಅಷ್ಟೇ ಆಗುತ್ತದೆ, ಕಾವು ತಗ್ಗುತ್ತದೆ. ಅದನ್ನು ಪೆನ್ ಡ್ರೈವಿನಲ್ಲಿ ತಂದೆ. ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳುತ್ತಿದ್ದೆ, ಮಾವನವರ ಕೈ ತಾಟಿನಲ್ಲೇ ನಿಂತಿತು.

"ವೋಲ್ಟೇಜ್ ಕಡಿಮಿ ಆದ್ರ ಸುಡತೈತಿ. ಹೊಳಿ ದಂಡಿಮ್ಯಾಲ ಎಷ್ಟ ಮೋಟರ್ ಸುಟ್ಟಾವ, ಕೇಳಿ ಬಾ ಹೋಗ."

ಅದು ಸುಳ್ಳಲ್ಲ. ಬೇಸಿಗೆಯಲ್ಲಿ ಎಲ್ಲರೂ ಒಮ್ಮೆಲೇ ಕಬ್ಬಿಗೆ ನೀರು ಬಿಟ್ಟರೆ ವೋಲ್ಟೇಜ್ ಬೀಳುತ್ತಿತ್ತು. ಮೋಟರು ತಿಣುಕುತ್ತ ಹೆಚ್ಚು ಕರೆಂಟು ಎಳೆದು ಒಳಗಿನ ವೈಂಡಿಂಗ್ ಸುಟ್ಟುಕೊಳ್ಳುತ್ತಿತ್ತು. ಆದರೆ ನನ್ನ ಮೇಜಿನ ಮೇಲಿದ್ದದ್ದು ಮೋಟರಲ್ಲ. ಅದನ್ನು ಹೇಳಲು ಬಾಯಿ ತೆರೆದರೆ ಅತ್ತೆ, ಮೈದುನ, ಹಾಲು ಹಾಕಲು ಬಂದವನು, ಎಲ್ಲರೂ ಮೋಟರು ಸುಟ್ಟ ಕಥೆ ಹೇಳತೊಡಗಿದರು.

ನಾನು ಇಳಿಸಿದೆ. ಒಂದು ಮೆಟ್ಟಿಲು ಇಳಿಸುವುದು, ಒಂದು ತುಣುಕು ವಿಡಿಯೋ ಮಾಡಿ ನೋಡುವುದು, ಮತ್ತೆ ಇಳಿಸುವುದು. ತೀರ ಕೆಳಗೆ ಹೋದಾಗ ಪರದೆ ನೀಲಿಯಾಗಿ ನಿಂತುಬಿಟ್ಟಿತು, ಅದೂ ಮಾವನವರು ಬಾಗಿಲಲ್ಲಿ ಇದ್ದಾಗಲೇ. ಅವರು ಗೋಕಾಕಿಗೆ ಹೋಗಿ ಒಂದು ಸ್ಟೆಬಿಲೈಸರ್ ತಂದು, ಗೋಡೆಗೆ ಮೊಳೆ ಹೊಡೆದು ಕೂರಿಸಿದರು. ಅಷ್ಟರಲ್ಲಿ ನಾನು ಸ್ವಲ್ಪ ಮೇಲೆ ಬಂದು ಸರಿಯಾದ ಜಾಗ ಹಿಡಿದಿದ್ದೆ. ತೊಂಬತ್ತು ಡಿಗ್ರಿ ದಾಟುತ್ತಿದ್ದ ಕಾವು ಎಪ್ಪತ್ತರ ಆಸುಪಾಸಿನಲ್ಲೇ ಉಳಿಯಿತು. ಕೊಣ್ಣೂರಿನ ಮದುವೆ ಒಮ್ಮೆಯೂ ನಿಲ್ಲದೆ ಪೂರ್ತಿಯಾಯಿತು.

ಊರಿಗೆಲ್ಲ ಸುದ್ದಿ ಹೋಯಿತು, ಸ್ಟೆಬಿಲೈಸರ್ ಹಾಕಿದಮೇಲೆ ಸರಿಹೋಯಿತು ಎಂದು. ಕಲ್ಲೋಳಿಯಿಂದ ಒಬ್ಬರು ಬಂದು ಮಾವನವರ ಸಲಹೆ ಕೇಳಿಕೊಂಡು ಹೋದರು. ಅವರಿಗೆ ಚಹಾ ಕೊಟ್ಟವಳು ನಾನೇ. ನನ್ನ ಮೈ ಉರಿಯುತ್ತಿತ್ತು.

ಮಾವನವರಿಗೆ ತಿಳಿಯದು ಎಂದಾದರೂ ಬಿಡಬಹುದಿತ್ತು. ಗಂಡನಿಗೆ ತಿಳಿದಿತ್ತು. ಅವರ ಎದುರೇ ಇಳಿಸಿದ್ದೆ, ಕಾವಿನ ಅಂಕಿ ತೋರಿಸಿದ್ದೆ. ನೀವಾದರೂ ನಿಜ ಹೇಳಿ ಎಂದರೆ, "ಹೇಳ್ಕೊಳ್ಲಿ ಬಿಡು. ನಿಂದೇನ್ ಹೋಗತೈತಿ?" ಎಂದರು.

ಏನು ಹೋಗುತ್ತದೆಂದು ತಿಳಿಯದ ಮನುಷ್ಯನ ಹತ್ತಿರ ಇನ್ನೇನು ಮಾತಾಡುವುದು? ಸೀದಾ ಕಾಳಿನ ಕೋಣೆಗೆ ಹೋದೆ. ನಮ್ಮ ಪ್ರತಿ ಡಿವಿಡಿಯ ಕೊನೆಗೆ ಸ್ಟುಡಿಯೋದ ಹೆಸರು, ಗಂಡನ ಹೆಸರು ಬರುತ್ತಿದ್ದವು. ಅವುಗಳ ಕೆಳಗೆ 'ಮಿಕ್ಸಿಂಗ್' ಎಂದು ಬರೆದು ನನ್ನ ಹೆಸರು ಹಾಕಿದೆ. ಸ್ಟೆಬಿಲೈಸರ್ ಆರಿಸಿ, ಲ್ಯಾಪ್‌ಟಾಪಿನ ವೈರನ್ನು ನೇರ ಗೋಡೆಗೆ ಹಚ್ಚಿ, ಇಡೀ ಮದುವೆಯನ್ನು ಇನ್ನೊಮ್ಮೆ ಮಾಡಿದೆ. ಆಗಲೂ ನಿಲ್ಲಲಿಲ್ಲ.

ಹುಡುಗಿಯ ತಂದೆ ಒಯ್ಯಲು ಬಂದಾಗ ಪಡಸಾಲೆಯ ಟಿವಿಯಲ್ಲಿ ಹಾಕಿ ತೋರಿಸಿದೆವು. ಮನೆಯವರೆಲ್ಲ ಕೂತಿದ್ದರು. ಕೊನೆಯ ಹೆಸರುಗಳು ಬಂದಾಗ ಮಾವನವರು ಎದ್ದು, ಟಿವಿಯ ಹತ್ತಿರ ಹೋಗಿ ಓದಿದರು.

"ಈಕಿ ಯಾರೋ? ಗೋಕಾಕದ ಅಂಗಡ್ಯಾಕಿ ಏನು?" ಎಂದು ಮಗನನ್ನು ಕೇಳಿದರು.

ಲಗ್ನದ ದಿನ ತಾಟಿನಲ್ಲಿ ಅಕ್ಕಿ ಹರಡಿ, ಉಂಗುರದಿಂದ ನನಗೆ ಹೊಸ ಹೆಸರು ಬರೆದಿದ್ದರು. ಹುಕ್ಕೇರಿಯಿಂದ ತಂದ ಹೆಸರಿನಿಂದ ಆಮೇಲೆ ಆ ಮನೆಯಲ್ಲಿ ಯಾರೂ ನನ್ನನ್ನು ಕರೆದಿರಲಿಲ್ಲ. ನಾನು ಡಿವಿಡಿಯಲ್ಲಿ ಹಾಕಿದ್ದು ಅದನ್ನು. ಗಂಡ ನೆಲ ನೋಡುತ್ತ ಕೂತರು.

"ಅದು ನನ್ನ ಹೆಸರ್ರಿ, ಮಾವಾರ," ಎಂದೆ.