ಗರಗಸ ಮೀನಿನ ಕಣ್ಣು

ದೋಣಿ ಪೇಂಟರ್ ಎಂದರೆ ಬಂದರಿಗೆಲ್ಲ ಅವನೊಬ್ಬನೇ. ಮರದ ದೋಣಿಗಳಿದ್ದ ಕಾಲದಲ್ಲಿ ಅವನ ಕುಂಚ ತಾಗದೆ ಒಂದೂ ನೀರಿಗಿಳಿಯುತ್ತಿರಲಿಲ್ಲ. ಮುಂತುದಿಯ ಎರಡೂ ಬದಿಗೆ ಒಂದೊಂದು ಮೀನು, ಕೆಳಗೆ ದೋಣಿಯ ಹೆಸರು. ಎಂಥ ದಿನಗಳು ಅವು! ಬೆಳಗಾದರೆ ದಡದುದ್ದಕ್ಕೂ ಅವನ ಮೀನುಗಳೇ. ಈಗ ಬರುವುದೆಲ್ಲ ಫೈಬರ್ ದೋಣಿ, ಅವಕ್ಕೆ ಅಂಗಡಿಯ ಸ್ಟಿಕ್ಕರ್. ಹಾಗಾಗಿ ಮೀನುಗಾರರ ಸಂಘದವರು ಹರಾಜುಕಟ್ಟೆಯ ಗೋಡೆ ತೋರಿಸಿ, ಬಲೆಗೆ ಬಿದ್ದರೂ ಬಿಟ್ಟುಬಿಡಬೇಕಾದ ಜೀವಿಗಳನ್ನು ಬರೆದುಕೊಡು ಎಂದಾಗ ಅವನಿಗೆ ಹೋದ ಜೀವ ಬಂದಂತಾಯಿತು.

ಆಮೆ, ಡಾಲ್ಫಿನ್ ಮುಗಿಸಿ, ಯಾರೂ ಕೇಳದಿದ್ದರೂ ಗರಗಸ ಮೀನಿಗೆ ಕೈ ಹಾಕಿದ. ಚಿಕ್ಕವನಿದ್ದಾಗ ಒಂದೇ ಒಂದು ಸಲ ಅಪ್ಪನ ಬಲೆಗೆ ಬಿದ್ದಿತ್ತು. ಆಮೇಲೆ ಅದು ಈ ಕಡೆ ಸುಳಿದಿಲ್ಲ.

"ಮೂಗಲ್ಲಿ ಗರಗಸನಾ? ರೈಲು ಬಿಡ್ಬೇಡಿ ಮಾಮ," ಎಂದ ದೋಣಿ ನಡೆಸುವ ಯುವಕನೊಬ್ಬ.

ಪೇಂಟರಿಗೆ ಉರಿದುಹೋಯಿತು. ತಾನು ಕಣ್ಣು ಮುಚ್ಚಿದರೆ ಆ ಮೀನು ಇಲ್ಲಿತ್ತೆಂಬುದೇ ಸುಳ್ಳಾಗುತ್ತದಲ್ಲ! ಸಾಕ್ಷಿಗೆ ಉಳಿದವಳು ಅಕ್ಕ ಒಬ್ಬಳೇ, ಮೀನು ಮಾರಿ ಮಾರಿ ಸೊಂಟ ಬಗ್ಗಿದವಳು. ಅವಳನ್ನೇ ಕೈ ಹಿಡಿದು ಕರೆತಂದ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆ ಅಕ್ಕನ ಕಿವಿಗೆ ಎಂದೂ ಬಿದ್ದಿರಲಿಲ್ಲ. ಹರಾಜಿಗೆ ಬಂದ ಮಾಲು ನೋಡುವ ಹಾಗೆ ಮೂಗಿನಿಂದ ಬಾಲದವರೆಗೆ ನೋಡಿದಳು.

"ಪುಕ್ಕಟೆ ಕೊಟ್ರೂ ನಾನಿದನ್ನ ಒಯ್ಯಲ್ಲ. ಸತ್ತು ಮೂರು ದಿನ ಆಗಿದೆ."

ಕಟ್ಟೆಗೆ ಕಟ್ಟೆಯೇ ನಕ್ಕಿತು. ಪೇಂಟರನ ಮುಖ ಹುಳ್ಳಗಾಯಿತು.

"ನಾನು ನೋಡಿದ್ದು ಹೀಗೇ ಕಣೆ ಅಕ್ಕ. ಬೂದು ಮೈ, ಬಿಳಿ ಕಣ್ಣು."

"ನೀನು ಬರೋ ಹೊತ್ತಿಗೆ ಹೋಗ್ಬಿಟ್ಟಿತ್ತು ಕಣೋ. ದಡಕ್ಕೆ ಎಳೆದಾಗ ಜೀವ ಇತ್ತು. ಬೆನ್ನು ಹಳದಿ ಹಳದಿ. ಕಣ್ಣಿನ ಹಿಂದೆ ಒಂದೊಂದು ತೂತು, ಮುಚ್ತಿತ್ತು, ತೆರೀತಿತ್ತು. ನನ್ನನ್ನೇ ನೋಡ್ತಿತ್ತು. ಕೊಡದಲ್ಲಿ ನೀರು ತಂದು ತಂದು ಹುಯ್ದೆ. ಅಪ್ಪ ರಟ್ಟೆ ಹಿಡಿದು ಎಳೆಯೋವರ್ಗೂ ಹುಯ್ದೆ."

ಈಗ ಯಾರೂ ನಗಲಿಲ್ಲ. ಒಂದೇ ಸೂರಿನಡಿ ಬೆಳೆದ ತಮ್ಮನಿಗೂ ಅವಳು ಇದನ್ನು ಹೇಳಿರಲಿಲ್ಲ. ಅವನು ಕುಂಚ ಎತ್ತಿಕೊಂಡ. ಏಣಿ ಹತ್ತಿ ಬಿಳಿ ಕಣ್ಣನ್ನು ಅಳಿಸಿದ. ಕೆಳಗಿನಿಂದ ಅಕ್ಕ, "ಇನ್ನೊಂಚೂರು ಹಳದಿ ಹಾಕೋ, ಜಿಪುಣ!" ಎಂದು ಗದರುತ್ತಲೇ ಇದ್ದಳು. ಸಂಜೆಯ ಹೊತ್ತಿಗೆ ಮೀನು ಕಣ್ಣು ಬಿಟ್ಟಿತು.

ರೈಲು ಎಂದಿದ್ದ ಯುವಕ ಮೆಲ್ಲಗೆ ಅಕ್ಕನ ಪಕ್ಕಕ್ಕೆ ಬಂದ.

"ಅಜ್ಜಿ, ಇದು ನಮ್ಮ ಬಲೆಗೆ ಬಿದ್ರೆ ಏನ್ ಮಾಡೋದು?"

"ಅಲ್ಲೇ ಬಲೆ ಕತ್ತರ್ಸು ಮಗ. ದಡಕ್ಕೆ ತಂದ್ಮೇಲೆ ಎಷ್ಟು ನೀರು ಹುಯ್ದ್ರೂ ಬದುಕಲ್ಲ."